ಹುಣಸೆಮರದ ಓಣಿಗೆ ಹೋದವರು

ಕೃಷ್ಣಾ ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅದಕ್ಕೆ ಬಾಗಿಲಿತ್ತು, ಗೋಡೆ ಇರಲಿಲ್ಲ. ಗೋಡೆ ಯಾವಾಗಲೋ ಪ್ರವಾಹದಲ್ಲಿ ಹೋಗಿತ್ತು. ಮತ್ತೆ ಕಟ್ಟಿಸುವ ಗೋಜಿಗೆ ಆಶ್ರಮದ ಗುರು ಅಡವಯ್ಯಜ್ಜ ಹೋಗಿರಲಿಲ್ಲ.

ಪ್ರತಿ ಅಮಾವಾಸ್ಯೆಯ ಸಂಜೆ ಅಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಆ ತಿಂಗಳು ಸುತ್ತಲಿನ ಊರುಗಳಲ್ಲಿ ತೀರಿಕೊಂಡವರಿಗೆ ಒಂದೊಂದು ಹಿಟ್ಟಿನ ಹಣತೆ ಹಚ್ಚಿ, ಎಲೆಯ ಮೇಲಿಟ್ಟು ನೀರಿಗೆ ಬಿಡುತ್ತಿದ್ದರು. ಬಿಡುವ ಮೊದಲು ಸತ್ತವರ ಹೆಸರನ್ನೂ ಅವರು ಮಾಡಿದ ಕೆಲಸವನ್ನೂ ಮೂರು ಸಲ ಕೂಗಬೇಕು. ಜಾತಿ ಬೇಡ, ಮನೆತನ ಬೇಡ.

ಕೂಗುವವನು ಶಿಷ್ಯ ಮುರಿಗೆಪ್ಪ. ವಯಸ್ಸು ನಲವತ್ತರ ಹತ್ತಿರ. ಮೊದಲು ಹತ್ತಿ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತನಾಗಿದ್ದ. ಆಶ್ರಮ ಸೇರಿ ಒಂಬತ್ತು ವರ್ಷವಾಗಿತ್ತು. ಬಂದವರೆಲ್ಲ ಅವನನ್ನು ಸ್ವಾಮೇರ ಎನ್ನುತ್ತಿದ್ದರು. ಮುರಿಗೆಪ್ಪ ಎಂದು ಕರೆಯುತ್ತಿದ್ದವರು ಅಜ್ಜ ಒಬ್ಬರೇ.

ನಿಯಮ ಎಂದರೆ ಅವನಿಗೆ ಪ್ರಾಣ. ಅಜ್ಜನಿಗಿಂತ ಒಂದು ತೂಕ ಹೆಚ್ಚೇ ಎನ್ನಿ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಪಾಟಿಯ ಮೇಲೆ ಬಳಪದಿಂದ ಹೆಸರು ಬರೆಯುತ್ತ ಕೂತಿದ್ದ. ಅಜ್ಜ ಪಕ್ಕದಲ್ಲೇ ಬತ್ತಿ ಹೊಸೆಯುತ್ತಿದ್ದರು. ಕಂಕುಳಲ್ಲಿ ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿ ಇಟ್ಟುಕೊಂಡು ಒಬ್ಬ ಹೆಣ್ಣುಮಗಳು ಬಂದಳು.

"ನಮ್ಮವ್ವನ ಹೆಸರು ಬರಸಾಕ ಬಂದೇನ್ರಿ ಸ್ವಾಮೇರ. ನಾನು ಕಸ್ತೂರಿ. ನಮ್ಮವ್ವ ಫಕೀರವ್ವ."

"ಎಲ್ಲಿಯವರು?"

"ಹೊಳಿ ಆಚಿ ಪ್ಯಾಟಿಯವರ್ರಿ. ಹುಣಸಿಮರದ ಓಣಿ."

ಬಳಪ ನಿಂತಿತು.

"ಆ ಬಾವಿ ಎದುರಿನ ಮನಿ?" ಎಂದ ಮುರಿಗೆಪ್ಪ.

"ಹೌದ್ರಿ," ಎಂದಳು ಕಸ್ತೂರಿ. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಆ ಮನೆಯ ಹೊಸ್ತಿಲನ್ನು ಅವನೂ ದಾಟಿದವನೇ. ಗುಮಾಸ್ತನಾಗಿದ್ದಾಗ ಎರಡು ವರ್ಷ, ದುಡ್ಡು ಕೊಟ್ಟು, ತಲೆಗೆ ಟವೆಲ್ ಹೊದ್ದುಕೊಂಡು ಹೋಗಿ ಬರುತ್ತಿದ್ದ. ಆಶ್ರಮದಲ್ಲಿ ಇದು ಯಾರಿಗೂ ಗೊತ್ತಿಲ್ಲ ಎಂದು ಅವನ ನಂಬಿಕೆ. ಗೊತ್ತಾದರೆ ಒಂಬತ್ತು ವರ್ಷ ನೀರಲ್ಲಿ ಹೋದ ಹಾಗೆ ಎಂಬ ಭಯ.

"ಏನು ಕೆಲಸ ಮಾಡತಿದ್ರು?" ದನಿ ಬೇಕೆಂದೇ ಗಟ್ಟಿಯಾಗಿತ್ತು.

"ಕೌದಿ ಹೊಲೀತಿದ್ಲ್ರಿ."

"ಅದು ಈಚೀಚೆಗೆ ಇರಬೇಕು. ಮೊದಲು?"

ಕಸ್ತೂರಿ ಪಾಟಿಯ ಕಡೆ ನೋಡಿದಳು.

ಸುಳ್ಳು ಬರೆಯಬಾರದು, ನಿಯಮ ಯಾರಿಗಾದರೂ ನಿಯಮವೇ ಎಂದು ಮುರಿಗೆಪ್ಪ ತನಗೆ ತಾನೇ ಹೇಳಿಕೊಂಡ. ಬರೆದ: ಫಕೀರವ್ವ, ಸೂಳೆ.

ಕಸ್ತೂರಿಗೆ ಓದು ಬರುತ್ತಿತ್ತು. ಅವಳು ಅಳಲಿಲ್ಲ.

"ಇದನ್ನ ಕೇಳಾಕ ನಾನು ಹೊಳಿ ದಾಟಿ ಬರಬೇಕಿತ್ತೇನ್ರಿ? ನಮ್ಮ ಓಣ್ಯಾಗ ಯಾರು ಬೇಕಾದ್ರೂ ಪುಕ್ಕಟ ಹೇಳ್ತಾರ. ಬದುಕಿದ್ದಾಗ ಯಾರೂ ಆಕಿನ್ನ ಹೆಸರು ಹಿಡಿದು ಕರೀಲಿಲ್ಲ. ಸತ್ತ ಮ್ಯಾಲರ ಒಮ್ಮೆ ಕರೀಲಿ ಅಂತ ಬಂದೆ. ಹಿಂಗ ಕೂಗೂದಾದ್ರ ದೀಪಾನ ಬ್ಯಾಡ."

ಹೋಗಿ ನದಿಯ ಮೆಟ್ಟಿಲ ಮೇಲೆ ಕೂತಳು. ಕೌದಿ ತೊಡೆಯ ಮೇಲಿತ್ತು.

ಅಜ್ಜ ಪಾಟಿಯನ್ನು ಎಳೆದುಕೊಂಡು ನೋಡಿದರು.

"ಈ ಮೇಲಿಂದು ಯಾರದು?"

"ನಮ್ಮೂರ ವೀರನಗೌಡ್ರದ್ರಿ ಅಜ್ಜಾರ. ನ್ಯಾಯ ಹೇಳಿದವರು ಅಂತ ಬರದೇನಿ."

"ಗೌಡ್ರೂ ಆ ಮನಿಗೆ ಹೋಗತಿದ್ರಲ್ಲ?"

"ಹೋಗತಿದ್ರಂತ್ರಿ."

"ಹಂಗಾರ ಅದನ್ನೂ ಬರಿ. ಒಳಗಿದ್ದಾಕಿಗೆ ಒಂದು ಹೆಸರು ಬರದಿ. ದುಡ್ಡು ಕೊಟ್ಟು ಒಳಗ ಹೋದಾಂವಗ ಏನಂತಾರ, ಅದನ್ನ ಬರಿ."

ಮುರಿಗೆಪ್ಪ ಬಳಪ ಎತ್ತಿದ. ಬಳಪ ಅಲ್ಲೇ ನಿಂತಿತು.

"ಅದು ಅವರ ಕೆಲಸ ಅಲ್ರಿ. ಒಂದು ಚಟ."

"ಬಾಗಿಲು ಒಂದ. ಒಳಗಿದ್ದಾಕಿ ಅದರಿಂದ ಏನೋ ಒಂದು ಆದ್ಲು. ಬಂದು ಹೋದಾಂವ ಏನೂ ಆಗಲಿಲ್ಲ?"

"ಕಾವ್ಯದಾಗ ವಿಟ ಅಂತ ಐತ್ರಿ."

"ಕಾವ್ಯದಾಗ ಐತಿ. ಸಂತ್ಯಾಗ ಯಾರನ್ನರ ಹಂಗ ಕರದದ್ದು ಕೇಳೀಯೇನು?"

"ಇಲ್ರಿ."

"ಊರಾಗ ಹೋಗಿ ಕೇಳ್ಕೊಂಡು ಬಾ. ಹೊತ್ತು ಮುಳುಗಾಕ ಇನ್ನೂ ಟೈಮ್ ಐತಿ. ಅಲ್ಲೀತನ ಆ ಹುಡುಗಿ ಕೂತಿರ್ತಾಳ."

ಮುರಿಗೆಪ್ಪ ಹೊರಟ. ಕೇಳಬಾರದ್ದನ್ನು ಕೇಳಲು ಹೊರಟವನ ಕಾಲು ಬೇಗ ಎಲ್ಲಿ ಬರುತ್ತದೆ? ಮೊದಲು ಸಿಕ್ಕವನು ದೋಣಿಯ ಅಂಬಿಗ.

"ಅಂಥಾ ಮನಿಗೆ ಹೋಗೂ ಗಂಡಸ್ರಿಗೆ ಏನಂತಾರಪ್ಪ?"

ಅಂಬಿಗ ಹುಟ್ಟು ಬಿಟ್ಟು ನಕ್ಕ. "ಏನಂತಾರ್ರಿ? ಗಂಡಸ್ರು ಅಂತಾರ."

ಚಹಾದಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರಿದ್ದರು. ಸ್ವಾಮಿಗಳು ಇಂಥದ್ದು ಕೇಳಿದರೆ ಯಾರಿಗೆ ಉತ್ಸಾಹ ಬರುವುದಿಲ್ಲ!

"ಶೋಕಿ ಮನಶ್ಯಾ ಅಂತೀವ್ರಿ," ಎಂದರು ಒಬ್ಬರು.

"ರಸಿಕರು ಅಂದ್ರ ಇನ್ನೂ ಮರ್ಯಾದಿ," ಎಂದರು ಇನ್ನೊಬ್ಬರು.

"ಗೌಡ್ರ ಬಗ್ಗೆ ಏನಂತಿದ್ರಿ?"

"ಅವರಿಗೇನ್ರಿ, ದೊಡ್ಡ ಮನಶ್ಯಾ. ಹರೇದಾಗ ಒಂದೀಟು ಹಂಗ ಹಿಂಗ ಇದ್ರು, ಅಷ್ಟ."

"ಬೈಯೂದಾದ್ರ ಏನಂತ ಬೈತೀರಿ?"

ಮೂಲೆಯಲ್ಲಿದ್ದವರು ಥಟ್ಟನೆ ಹೇಳಿದರು: "ಸೂಳಿಮಗ ಅಂತೀವಿ!"

ಪಾತ್ರೆ ತೊಳೆಯುತ್ತಿದ್ದ ಮುದುಕಿ ತಲೆಯೆತ್ತಿದಳು. ಆಕೆ ಚಹಾದಂಗಡಿಯವನ ತಾಯಿ ನಾಗವ್ವ.

"ಏ, ಅವನ್ನ ಬೈದ್ರೂ ಅದು ಅವನವ್ವಗ ಹತ್ತತೈತಲ್ಲೋ," ಎಂದಳು. "ನನ್ನ ಗಂಡಾನೂ ಆ ಓಣಿಗೆ ಹೋಗತಿದ್ದ ಸ್ವಾಮೇರ. ಅವಂಗ ಯಾರೂ ಏನೂ ಅನ್ನಲಿಲ್ಲ. ನನಗ ಅಂದ್ರು, ಗಂಡನ್ನ ಹಿಡಿದು ಇಟ್ಕೊಳ್ಳಾಕ ಬರದಾಕಿ ಅಂತ. ಇವತ್ತಿಗೂ ಅಂತಾರ."

ಕಟ್ಟೆಯ ಮೇಲಿದ್ದವರು ಚಹಾ ಕುಡಿಯತೊಡಗಿದರು. ಮುರಿಗೆಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರಳಿ ಬಂದಾಗ ಬಿಸಿಲು ಇಳಿದಿತ್ತು. ಕಸ್ತೂರಿ ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ಯಾರೋ ಕೊಟ್ಟ ರೊಟ್ಟಿ ಪಕ್ಕದಲ್ಲಿ ಹಾಗೇ ಇತ್ತು.

"ಸಿಕ್ತೇನು?" ಎಂದರು ಅಜ್ಜ.

"ಇಲ್ರಿ. ಹೆಂಡ್ತಿಗೊಂದು ಹೆಸರೈತಿ, ಅವ್ವಗೊಂದೈತಿ, ಆಕಿಗಂತೂ ಹತ್ತಾರು ಅದಾವ. ಹೋದವರಿಗೆ ಇಲ್ರಿ."

"ಎಲ್ಲಾರನ್ನೂ ಕೇಳಿದೇನು?"

"ಇನ್ಯಾರನ್ನ ಕೇಳಬೇಕಿತ್ರಿ?"

"ನಿನ್ನ."

"ನಿಮಗ ಗೊತ್ತಿತ್ತೇನ್ರಿ ಅಜ್ಜಾರ?"

"ಇವತ್ತ ಗೊತ್ತಾತು. ಆಕಿ ಬರೇ ಓಣಿ ಹೇಳಿದ್ಲು. ಬಾವಿ ಎದುರಿನ ಮನಿ ಅಂದಾಂವ ನೀನ."

ಅವನು ಅಜ್ಜನ ಎದುರು ಕೂತ. ಅಜ್ಜ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಆಕಿ ನಿನ್ನ ಏನಂತ ಕರೀತಿದ್ಲು?"

"ಬರ್ರಿ ಸಾಹುಕಾರ್ರ, ಅಂತಿದ್ಲ್ರಿ. ಬಂದವರಿಗೆಲ್ಲ ಹಂಗ ಅಂತಿದ್ಲು."

"ನೀನು ಆಕಿನ್ನ?"

ಮುರಿಗೆಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಎರಡು ವರ್ಷದಲ್ಲಿ ಒಮ್ಮೆ ಕರೆದದ್ದೂ ನೆನಪಿಗೆ ಬರಲಿಲ್ಲ.

"ಏನೂ ಕರೀತಿರಲಿಲ್ರಿ. ಹೆಸರು ಕೇಳೇ ಇರಲಿಲ್ಲ. ಇವತ್ತ ಮುಂಜಾನೆ ಮಗಳು ಹೇಳಿದಾಗ ಗೊತ್ತಾತು."

ಹೇಳಿದ ಮೇಲೆ ಅವನಿಗೆ ಅಳು ಬಂತು. ನಾಚಿಕೆಯ ಅಳು. ತಡೆಯಲು ನೋಡಿದ, ಆಗಲಿಲ್ಲ.

"ಅಲ್ಲಿ ಮತ್ತೇನು ನೋಡಿದ್ದಿ?"

"ಏನಿತ್ರಿ ಅಲ್ಲಿ? ಒಂದು ಮಂಚ, ಒಂದು ಗಡಿಗಿ." ಅವನಿಗೆ ತಟ್ಟನೆ ನೆನಪಾಯಿತು. "ಕೌದಿ ಇತ್ರಿ. ಯಾವಾಗ ಹೋದ್ರೂ ಅರ್ಧ ಹೊಲದದ್ದು ಒಂದು ಕೌದಿ ಬಿದ್ದಿರತಿತ್ತು. ನಾನು ಬಾಗಿಲಿಗೆ ಬಂದ ಮ್ಯಾಲೆ ಆಕಿ ಸೂಜಿ ತಗದು ಗ್ವಾಡಿಗೆ ಚುಚ್ಚಿ ಏಳ್ತಿದ್ಲು. ನಾನು ಆ ಕೌದಿನ್ನ ಕಾಲಿಲೆ ಸರಿಸಿ ಒಳಗ ಹೋಗತಿದ್ದೆ."

"ಹಂಗಾರ ಆಕಿ ಮಗಳು ಹೇಳಿದ್ದು?"

"ಖರೇನ ಐತ್ರಿ. ಮೊದಲಿಂದಲೂ ಹೊಲೀತಿದ್ಲು. ನಾನು ನೋಡೇನಿ."

ಮುರಿಗೆಪ್ಪ ಪಾಟಿಯನ್ನು ಅಂಗೈಯಿಂದ ಒರೆಸಿದ. ಒಂದು ಶಬ್ದ ಹೋಯಿತು. ಅಲ್ಲಿ ಬೇರೆ ಬರೆದ. ಆಮೇಲೆ ಕೇಳಿದ:

"ಗೌಡ್ರದು ಏನು ಮಾಡಲಿ?"

"ಗೌಡ್ರು ನ್ಯಾಯ ಹೇಳಿದ್ದೂ ಖರೇನ. ಅವರ ದೀಪ ಅವರು ನೋಡ್ಕೋತಾರ. ನೀ ನಿನ್ನದು ನೋಡ್ಕೋ."

ಸಂಜೆ ಮೆಟ್ಟಿಲ ತುಂಬ ಜನ ಸೇರಿದರು. ಗೌಡರ ಮಕ್ಕಳು ಬಂದಿದ್ದರು, ಚಹಾದಂಗಡಿಯ ಹಿರಿಯರಿದ್ದರು, ನಾಗವ್ವನೂ ಬಂದಿದ್ದಳು. ಮುರಿಗೆಪ್ಪ ಒಂದೊಂದೇ ಹೆಸರು ಕೂಗಿದ.

"ಈರಪ್ಪ, ಗಡಿಗಿ ಮಾಡಿದಾಂವ."

"ವೀರನಗೌಡ, ನ್ಯಾಯ ಹೇಳಿದಾಂವ."

"ಫಕೀರವ್ವ, ಕೌದಿ ಹೊಲದಾಕಿ."

ಕಸ್ತೂರಿ ತಲೆಯೆತ್ತಿದಳು. ಮೆಲ್ಲಗೆ ಇಳಿದು ಬಂದು ಹಣತೆ ಕೈಗೆ ತೆಗೆದುಕೊಂಡಳು.

"ಫಕೀರವ್ವ, ಕೌದಿ ಹೊಲದಾಕಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಯಾವ ಫಕೀರವ್ವ? ಹುಣಸಿಮರದ ಓಣಿ ಸೂಳಿ ಅಲ್ಲೇನು?"

ಮೂರನೆಯ ಸಲ ಕೂಗಿದ. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ಆದರೆ ಮುರಿಗೆಪ್ಪ ಪಾಟಿಯನ್ನು ಕೆಳಗಿಟ್ಟು, ನಕ್ಕವರ ಕಡೆಗೆ ತಿರುಗಿ, ನಾಲ್ಕನೆಯ ಸಲವೂ ಕೂಗಿದ:

"ಫಕೀರವ್ವ, ಕೌದಿ ಹೊಲದಾಕಿ. ನಾನು ಕಣ್ಣಾರೆ ನೋಡೇನಿ."

ನಗು ನಿಂತಿತು. ಕಸ್ತೂರಿ ದೀಪವನ್ನು ನೀರಿಗೆ ಬಿಟ್ಟಳು. ಅದು ಸ್ವಲ್ಪ ದೂರ ಹೋಗುವವರೆಗೆ ನೋಡುತ್ತ ನಿಂತಳು. ಆಮೇಲೆ ಮೆಟ್ಟಿಲು ಹತ್ತಿ ಅವನ ಎದುರಿಗೆ ಬಂದಳು.

"ಎಲ್ಲಿ ನೋಡಿದ್ರಿ ನಮ್ಮವ್ವನ್ನ? ಯಾರ್ರಿ ನೀವು?"

ಜನವೆಲ್ಲ ಕಿವಿ ಕೊಟ್ಟಿತು. ಗೌಡರ ಮಕ್ಕಳು ಹೊರಡಲು ಎದ್ದವರು ಹಾಗೇ ನಿಂತರು. ಸ್ವಾಮಿ ಎಂದುಬಿಟ್ಟರೆ ಸಾಕಿತ್ತು, ಒಂಬತ್ತು ವರ್ಷ ಅಷ್ಟರಲ್ಲೇ ನಡೆದಿತ್ತು. ಮುರಿಗೆಪ್ಪ ದಾರಿ ತೋರಿಸಿ ಎನ್ನುವಂತೆ ಗುರುಗಳ ಕಡೆ ನೋಡಿದ.

ಅಜ್ಜ ಉಳಿದ ಬತ್ತಿಗಳನ್ನು ಗಂಟು ಕಟ್ಟುತ್ತಿದ್ದರು. ತಲೆಯೆತ್ತದೆ ಹೇಳಿದರು:

"ಹೇಳಪ್ಪ. ಆ ಓಣಿಗೆ ಹೋದವರಿಗೆ ಊರಾಗ ಎಲ್ಲೂ ಹೆಸರ ಸಿಗಲಿಲ್ಲ ಅಂದ್ಯಲ್ಲ. ನಿನ್ನದೊಂದಾದ್ರೂ ಸಿಗಲಿ."