ಬೋರಲು ಬಿದ್ದ ಕಲ್ಲು

ಸೊಪ್ಪನಕಟ್ಟೆ ಊರಿನ ಕೆರೆಕಾಲುವೆಗೆ ಅಡ್ಡವಾಗಿ, ದನ ದಾಟಲೆಂದು ಯಾವ ಕಾಲದಲ್ಲೋ ಹಾಸಿದ ಚಪ್ಪಡಿಯೊಂದಿತ್ತು. ಅದರ ಬರಹ ಕೆಳಗೆ, ಬೆನ್ನು ಮೇಲೆ. ಆ ಬರಹವನ್ನು ಓದುತ್ತಿದ್ದವಳು ಅಡಿಯಲ್ಲಿ ವಾಸವಿದ್ದ ಕಪ್ಪೆಯಜ್ಜಿ ಒಬ್ಬಳೇ.

ಒಂದು ದಿನ ಕೆರೆ ಏರಿಯ ಮೇಲೆ ಅಮೃತಶಿಲೆಯೊಂದು ಹೂವಿನ ಹಾರ ಹಾಕಿಕೊಂಡು ನಿಂತಿತು. "ಈ ಕೆರೆ ಕಟ್ಟಿಸಿದವರು ಅಧ್ಯಕ್ಷ ಚೌಡಪ್ಪನವರು" ಎಂದು ಅದರ ಎದೆಯ ಮೇಲೆ ಬರೆದಿತ್ತು. ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಆ ಮಹಾರಾಯ ಹಾಕಿಸಿದ್ದು ಏರಿಗೆ ನಾಲ್ಕು ಬುಟ್ಟಿ ಮಣ್ಣು, ಅದೂ ಪಕ್ಕದವರ ಹೊಲದ್ದು!

"ಎಲಾ ಬಿಳಿಮೂತಿಯವನೇ, ನಾಚಿಕೆಯಾಗುವುದಿಲ್ಲವೇ?" ಎಂದಳು. "ಇದೆಲ್ಲ ಕಳ್ಳಿಮೆಳೆಯ ಬೀಳಾಗಿತ್ತು. ಸಣ್ಣೀರಮ್ಮ ಎಂಬ ಹೆಂಗಸು ಹನ್ನೆರಡು ವರ್ಷ ಮಣ್ಣು ಹೊತ್ತು, ಹೊರಿಸಿ, ಏರಿ ಕಟ್ಟಿದ ಮೇಲೆ ಗದ್ದೆಯಾಯಿತು, ಗದ್ದೆಯಿಂದ ಊರಾಯಿತು. ನನ್ನ ತಲೆಯ ಮೇಲಿನ ಚಪ್ಪಡಿಯಲ್ಲೇ ಬರೆದಿದೆ."

"ಬೋರಲು ಬಿದ್ದ ಕಲ್ಲನ್ನು ಯಾರು ಓದುತ್ತಾರೆ, ಅಜ್ಜೀ?" ಎಂದಿತು ಅಮೃತಶಿಲೆ. "ದಾರಿಗೆ ಕಾಣುವುದೇ ಊರಿನ ಚರಿತ್ರೆ."

ಮುಂದಿನ ಚುನಾವಣೆಯಲ್ಲಿ ಚೌಡಪ್ಪ ಸೋತ. ಗೆದ್ದವನು ಮಾಡಿದ ಮೊದಲ ಕೆಲಸವೇ ಅಮೃತಶಿಲೆಯನ್ನು ಕೀಳಿಸಿದ್ದು. ದನ ದಾಟುವ ದಾರಿ ಕಿರಿದಾಗಿತ್ತಲ್ಲ, ಹಳೇ ಚಪ್ಪಡಿಯ ಪಕ್ಕದಲ್ಲೇ ಅದನ್ನೂ ಬೋರಲು ಹಾಸಿದರು. ಎಮ್ಮೆಗಳು ಸಗಣಿ ಹಾಕುತ್ತಾ ಅದರ ಮೇಲೆ ನಡೆದವು.

"ಅಜ್ಜೀ," ಎಂದು ಅಮೃತಶಿಲೆ ಗೋಗರೆಯಿತು, "ನನ್ನ ಬರಹವನ್ನು ಯಾರಿಗಾದರೂ ಓದಿ ಹೇಳಿ."

"ಹೇಳೋಣವಂತೆ," ಎಂದಳು ಕಪ್ಪೆಯಜ್ಜಿ. "ಮೊದಲು ನೀನು ಪಕ್ಕದವಳದ್ದನ್ನು ಓದು. ಗಟ್ಟಿಯಾಗಿ ಓದು, ನನಗೆ ಕಿವಿ ಮಂದ."