ಮೀಟರಿಗೆ ಇಟ್ಟ ಕುಂಕುಮ

ಹರಾಜಿಗೆ ನಿಂತ ಹಳೇ ಕಾರೊಂದರಲ್ಲಿ, ಗಾಡಿ ಎಷ್ಟು ಓಡಿದೆಯೆಂದು ತೋರಿಸುವ ಮೀಟರು ಬ್ರೇಕ್ ಪೆಡಲಿಗೆ ಹೇಳಿತು: "ಎರಡು ಲಕ್ಷ ಕಿಲೋಮೀಟರ್ ತೋರಿಸುತ್ತಿದ್ದ ನನ್ನನ್ನು ನಿನ್ನೆ ಮೂವತ್ತು ಸಾವಿರಕ್ಕೆ ಹಿಂದಕ್ಕೆ ತಿರುಗಿಸಿದ್ದಾರೆ. ನೀನು ಬಾಯಿ ಬಿಡಬೇಡ."

"ನಾನೇಕೆ ಬಾಯಿ ಬಿಡಲಿ? ನನ್ನ ರಬ್ಬರು ಸವೆದು ನುಣ್ಣಗಾಗಿದೆ. ಬಗ್ಗಿ ನೋಡಿದರೆ ಸಾಕು," ಎಂದಿತು ಪೆಡಲು.

"ಕಾಲ ಕೆಳಗಿರುವವರನ್ನು ಬಗ್ಗಿ ನೋಡುವವರು ಯಾರು?" ಎಂದು ಮೀಟರು ನಕ್ಕಿತು.

ಹಾಗೆಯೇ ಆಯಿತು. ಹೋಟೆಲಿನಲ್ಲಿ ಅಡುಗೆ ಮಾಡುವ ಪುಟ್ಟಶಾಮಯ್ಯ ಮೀಟರನ್ನಷ್ಟೇ ನೋಡಿ, ಎಲ್ಲರಿಗಿಂತ ಹೆಚ್ಚಿಗೆ ಕೂಗಿ ಕಾರು ಹಿಡಿದ. ಅಲ್ಲೇ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ, ಸ್ಟೇರಿಂಗಿಗೆ ಕುಂಕುಮ ಹಚ್ಚಿದ. ಕೊನೆಗೆ ಮೀಟರಿನ ಗಾಜಿಗೂ ಒಂದು ಬೊಟ್ಟಿಟ್ಟು ಕೈಮುಗಿದ. "ನಿನ್ನನ್ನೇ ನಂಬಿ ತಗೊಂಡಿದೀನಪ್ಪ. ನಾಳೆ ಬಸುರಿ ಮಗಳನ್ನ ಕೂರಿಸಿಕೊಂಡು ಘಾಟಿ ಇಳೀಬೇಕು."

ಮೀಟರಿಗೆ ಮುಖ ಎತ್ತಲಾಗಲಿಲ್ಲ.

"ಈಗಲಾದರೂ ನಿಜ ಹೇಳು," ಎಂದಿತು ಪೆಡಲು.

"ಅವನಿಗೆ ತೋರಿಸುವುದಕ್ಕೆ ನಿಜವಾದ ಅಂಕಿಯೇ ನನ್ನ ಮುಖದ ಮೇಲೆ ಉಳಿದಿಲ್ಲ," ಎಂದಿತು ಮೀಟರು. "ಆ ಪುಣ್ಯಾತ್ಮ ಬೊಟ್ಟನ್ನು ಇನ್ನಷ್ಟು ದೊಡ್ಡದಾಗಿ ಇಟ್ಟಿದ್ದರೆ ನನ್ನ ಮುಖವಾದರೂ ಮುಚ್ಚುತ್ತಿತ್ತು."