ಮುದುಕರಿಗೆ ಮುಚ್ಚಲಿದ್ದ ಬಾಗಿಲು

"ಬರುವ ಹುಣ್ಣಿಮೆಯಿಂದ ಅರವತ್ತು ದಾಟಿದವರಿಗೆ ಅರಮನೆಯ ವೈದ್ಯಶಾಲೆಯಲ್ಲಿ ಮದ್ದಿಲ್ಲ. ರಾಜಕುಮಾರಿಯ ಮೂರು ಒಗಟು ಬಿಡಿಸಿದರೆ ಈ ಅಪ್ಪಣೆ ರದ್ದು, ಬಿಡಿಸಿದವನಿಗೆ ಅವಳೊಡನೆ ಮದುವೆ. ತಪ್ಪಿದವನಿಗೆ ತಲೆದಂಡ."

ನೇರಿಲಗಿರಿಯ ಅರಸ ಕಲಿವರ್ಮ ಹೀಗೆ ಡಂಗುರ ಸಾರಿಸಿದಾಗ ಊರು ದಂಗಾಗಿ ನಿಂತಿತು. ಮುದುಕರು ಹೆಚ್ಚುತ್ತಿದ್ದಾರೆ, ಅವರ ಮದ್ದಿಗೇ ಬೊಕ್ಕಸ ಕರಗೀತೆಂದು ಅವನಿಗೆ ಹೆದರಿಕೆ. ವೈದ್ಯವಿದ್ಯೆ ಕಲಿತ ಮಗಳು ಚಾಗಲೆ ಈ ಅಪ್ಪಣೆ ಬೇಡವೆಂದು ಹಟ ಹಿಡಿದು ಒಗಟು ಒಡ್ಡಿದ್ದಳು. ಯಾರೂ ಮುಂದೆ ಬರಬಾರದೆಂದು ತಲೆಯ ಶರತ್ತು ಸೇರಿಸಿದವನು ಅರಸ.

ಆದರೂ ಇಬ್ಬರು ಬಂದರು. ಸಾಮಂತನ ಮಗ ಮೊದಲ ಒಗಟಿಗೇ ಸೋತ. ಪಂಡಿತನ ಮಗ ಎರಡನೆಯದಕ್ಕೆ ಮುಪ್ಪು ಎಂದು ತಪ್ಪಿದ. ಸಂಜೆಯೊಳಗೆ ಇಬ್ಬರ ತಲೆಯೂ ಉರುಳಿತು. ಅಪ್ಪ ನಿಜವಾಗಿ ಕೊಲ್ಲಿಸುತ್ತಾನೆಂದು ಚಾಗಲೆ ಎಣಿಸಿರಲಿಲ್ಲ.

ಮರುದಿನ ಬಂದವನು ದುರುಗ, ರೋಗಿಗಳ ಡೋಲಿ ಹೊರುವವನು. ಅವನನ್ನು ಸಾಕಿದ ಅಜ್ಜಿಗೆ ಎದೆನೋವು. ವೈದ್ಯಶಾಲೆ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಹಿಂದಿರುಗಿ ಹೋಗೆಂದು ಚಾಗಲೆ ಬೇಡಿಕೊಂಡಳು. ಅವನು ಕದಲಲಿಲ್ಲ. ಕೊನೆಗೆ ಕೇಳಿದಳು: "ಯಾವ ಯುದ್ಧ ಗೆದ್ದದ್ದಕ್ಕೆ ಈ ನಾಡು ಕಪ್ಪ ಕಟ್ಟುತ್ತಿದೆ?"

"ಸಾವಿನ ಜೊತೆಗಿನ ಯುದ್ಧ, ರಾಜಕುಮಾರಿ. ಹಿಂದೆ ಕೂಸುಗಳು ತೊಟ್ಟಿಲಲ್ಲೇ ಹೋಗುತ್ತಿದ್ದವಂತೆ. ಹಿರಿಯರಸರು ಒಳ್ಳೇ ನೀರು, ಮದ್ದು ಕೊಡಿಸಿ ಉಳಿಸಿದರು. ಆ ಕೂಸುಗಳೇ ಇಂದಿನ ಮುದುಕರು. ಅವರ ಮದ್ದಿನ ಖರ್ಚೇ ಆ ಕಪ್ಪ."

"ಪ್ರತಿಯೊಬ್ಬರಲ್ಲಿಗೂ ಒಂದೇ ಸಲ ಬಂದು ಕಣಜವನ್ನೇ ತಿಂದುಹೋಗುವ ನೆಂಟ ಯಾರು?"

"ಕೊನೆಯ ಕಾಯಿಲೆ. ಇಪ್ಪತ್ತರವನನ್ನೂ ಹೊತ್ತಿದ್ದೇನೆ, ತೊಂಬತ್ತರವಳನ್ನೂ ಹೊತ್ತಿದ್ದೇನೆ. ಮದ್ದು ರಾಶಿರಾಶಿ ಸುರಿಯುವುದು ಆ ಕಡೆಯ ದಿನಗಳಲ್ಲಿ. ಗಟ್ಟಿಯಾಗಿ ಬಾಳುವ ಮುದುಕರು ವರ್ಷಗಟ್ಟಲೆ ಡೋಲಿ ಹತ್ತುವುದಿಲ್ಲ."

ಅರಸ ಬೆಚ್ಚಿದ. ಬೊಕ್ಕಸ ತಿನ್ನುವುದು ಮುಪ್ಪೇ ಎಂದು ಅವನೂ ನಂಬಿದ್ದ.

"ಮುಂದೆ ಆ ನೆಂಟ ಹೆಚ್ಚೆಚ್ಚು ಮನೆಗಳಿಗೆ ಬಂದಾಗ, ಬೊಕ್ಕಸ ತುಂಬಿದ್ದರೂ ಸಾಲದೆ ಹೋಗುವುದು ಯಾವುದು?"

"ಕೈಗಳು. ಮನೆ ತುಂಬ ಮಕ್ಕಳಿದ್ದ ಕಾಲ ಹೋಯಿತು. ಎತ್ತುವ, ತೊಳೆಯುವ, ಉಣಿಸುವ ಎಳೆಯ ಕೈಗಳೇ ಕಡಿಮೆ. ಅಂಥ ನಾಲ್ಕು ಕೈಗಳನ್ನು ನಿನ್ನೆ ಅರಸರು ಮಣ್ಣಿಗೆ ಕಳಿಸಿದರು."

ಕತ್ತಿ ಹಿಡಿದ ಭಟ ಅರಸನತ್ತ ನೋಡಿದ. ಅರಸನ ಮುಖ ಬೂದಿಯಾಗಿತ್ತು. ಮೂರೂ ಸರಿ ಎಂದಳು ಚಾಗಲೆ, ಅಳುತ್ತಲೇ.

ಅಪ್ಪಣೆ ರದ್ದಾಯಿತು. ಅಜ್ಜಿಗೆ ಮದ್ದು ಸಿಕ್ಕಿತು. ಮದುವೆಯ ಮಾತು ರಾಜಕುಮಾರಿಯ ಇಷ್ಟ ಎಂದ ದುರುಗ. ಅವಳು ಒಪ್ಪಿದಳು. ಆಮೇಲೆ ಇಬ್ಬರೂ ಸೇರಿ ಹಳ್ಳಿಹಳ್ಳಿಯ ಎಳೆಯರಿಗೆ ಸಂಬಳ ಕೊಟ್ಟು ಆರೈಕೆ ಕಲಿಸಿದರು.

ಆದರೆ ಮದುವೆಗೂ ಮೊದಲು ಅರಸ ಸತ್ತ ಹುಡುಗರ ಮನೆಗಳಿಗೆ ಬರಿಗಾಲಲ್ಲಿ ನಡೆದು ಹೋದ. ಎರಡೂ ಕಡೆ ಕದ ತೆರೆದವರು, ಗೋಡೆ ಹಿಡಿದು ನಡೆಯುವ ಮುದುಕರು.